ಘಟಪ್ರಭೆ ಮರೆಸಿದ್ದು, ಮೆರೆಸಿದ್ದು

ಹುಕ್ಕೇರಿ, ಗೋಕಾಕ, ಮೂಡಲಗಿ: ಒಂದೇ ನದಿಯ ಆಸರೆಯ ಮೂರು ಸೀಮೆಗಳಲ್ಲಿ ಎರಡು ದಿನಗಳ ಸಂಚಾರ

ಗೋಕಾಕ ಎಂದೊಡನೆ ಒಬ್ಬರಿಗೆ ಕರದಂಟು ನೆನಪಾಗುತ್ತದೆ, ಇನ್ನೊಬ್ಬರಿಗೆ ಜಲಪಾತ. ೧೯೮೨ರ ಕನ್ನಡ ಚಳವಳಿಯನ್ನು ಕಂಡವರಿಗೆ ವಿನಾಯಕ ಕೃಷ್ಣ ಗೋಕಾಕರ ಹೆಸರಿನ ವರದಿ. ಆ ಗೋಕಾಕರು ಹುಟ್ಟಿದ್ದು ದೂರದ ಸವಣೂರಿನಲ್ಲಿ. ಊರಿನ ಹೆಸರು ಮಾತ್ರ ಮನೆತನದೊಡನೆ ಸಾಗಿಹೋಗಿತ್ತು. ಹೀಗೆ ಹೆಸರಿನಿಂದ ನಾಡಿಗೆಲ್ಲ ಪರಿಚಿತವಾದ ಈ ಊರಿಗೆ ಬರುವ ಪ್ರವಾಸಿಗರು ಇಲ್ಲಿ ಕಳೆಯುವ ಕಾಲವಾದರೋ ಬಹು ಸ್ವಲ್ಪ. ಮಳೆಗಾಲದ ಒಂದು ಭಾನುವಾರ ವಾಹನದಿಂದ ಇಳಿಯುವುದು, ಧುಮ್ಮಿಕ್ಕುವ ನೀರಿನೆದುರು ಮಕ್ಕಳನ್ನು ನಿಲ್ಲಿಸಿ ಚಿತ್ರ ತೆಗೆಯುವುದು, ಎರಡು ಪೊಟ್ಟಣ ಕರದಂಟು ಕೊಳ್ಳುವುದು, ಹೊತ್ತು ಮುಳುಗುವ ಮೊದಲು ಬೆಳಗಾವಿಯ ದಾರಿ ಹಿಡಿಯುವುದು: ಇಷ್ಟಕ್ಕೇ ಯಾತ್ರೆ ಮುಗಿಯುತ್ತದೆ.

ಜಲಪಾತವು ನೋಡತಕ್ಕದ್ದೇ. ಆದರೆ ಆ ನೀರನ್ನು ತಂದ ನದಿಯ ಮೇಲೆಯೂ ಕೆಳಗೂ ಅರ್ಧ ದಿನದ ದಾರಿಯೊಳಗೆ ಕಬ್ಬಿಣ ಯುಗದ ಶಿಲಾಸಮಾಧಿಗಳಿಂದ ಹಿಡಿದು ನೀರಿನ ಬಲದಿಂದ ನಡೆದ ನೂಲಿನ ಗಿರಣಿಯವರೆಗೆ ಎಷ್ಟೊಂದು ಕಾಲಗಳ ಗುರುತುಗಳು ಹರಡಿವೆ ಎಂಬುದು ಹಲವರಿಗೆ ತಿಳಿಯದು. ಹಂಪೆಯಲ್ಲಿಯೋ ಪಟ್ಟದಕಲ್ಲಿನಲ್ಲಿಯೋ ಇರುವಂತೆ ಇಲ್ಲಿ ಮಾರ್ಗದರ್ಶಿಗಳ ಸಾಲಿಲ್ಲ. ಕೇಳಿಕೊಂಡು ಹೋಗಬೇಕು, ಹುಡುಕಿ ನೋಡಬೇಕು.

ಇನ್ನೂ ಒಂದು ವಿಶೇಷವುಂಟು. ಈ ಸೀಮೆಯನ್ನು ಒಂದೇ ಸಾರಿಗೆ ಪೂರ್ತಿಯಾಗಿ ನೋಡಿದೆನೆಂದು ಯಾರೂ ಹೇಳುವಂತಿಲ್ಲ. ಘಟಪ್ರಭೆ ತುಂಬಿ ಹರಿಯುವಾಗ ಗೋಕಾಕದ ಜಲಪಾತ ಮೆರೆಯುತ್ತದೆ. ಆಗ ಮೇಲುಭಾಗದ ಹುನ್ನೂರಿನ ವಿಠ್ಠಲನ ಗುಡಿ ಜಲಾಶಯದಲ್ಲಿ ಮರೆಯಾಗಿರುತ್ತದೆ. ಬೇಸಿಗೆಯಲ್ಲಿ ವಿಠ್ಠಲನ ಗುಡಿ ನೀರಿನಿಂದ ಎದ್ದು ಬರುವ ಹೊತ್ತಿಗೆ ಜಲಪಾತ ಸೊರಗಿ ಬಂಡೆ ಬರಿದಾಗಿರುತ್ತದೆ. ನದಿ ಒಂದು ಕೈಯಿಂದ ತೋರಿಸಿ ಇನ್ನೊಂದು ಕೈಯಿಂದ ಮುಚ್ಚುತ್ತದೆ.

ಗುಮ್ಮಟಗಳ ಹುಕ್ಕೇರಿ

ನದಿಯ ಹರಿವನ್ನು ಅನುಸರಿಸಿ ಹೋಗುವುದಾದರೆ ಮೊದಲು ಹುಕ್ಕೇರಿ. ಬೆಳಗಾವಿಯಿಂದ ಉತ್ತರಕ್ಕೆ ಸುಮಾರು ೫೦ ಕಿಲೋಮೀಟರು ಸಾಗಿದರೆ ಈ ಊರು. ‘ಹೂವಿನ ಕೇರಿ’ ಎಂಬುದೇ ಹುಕ್ಕೇರಿಯಾಯಿತೆಂದೂ, ಇಲ್ಲಿಯ ಗುಲಾಬಿಗಳು ವಿಜಾಪುರದ ಅರಮನೆಗೆ ಹೋಗುತ್ತಿದ್ದವೆಂದೂ ಊರಿನವರು ಹೇಳುವುದುಂಟು. ಈ ಕಥೆ ಹೇಗೇ ಇರಲಿ, ವಿಜಾಪುರಕ್ಕೂ ಹುಕ್ಕೇರಿಗೂ ಇದ್ದ ನಂಟಿಗೆ ಕಲ್ಲಿನ ಸಾಕ್ಷಿಯೇ ನಿಂತಿದೆ. ಕ್ರಿ. ಶ. ೧೪೯೦ರಿಂದ ೧೬೮೬ರವರೆಗೆ ಆಳಿದ ಆದಿಲಶಾಹಿಗಳ ಕಾಲದಲ್ಲಿ ಹುಕ್ಕೇರಿ ಈ ಭಾಗದ ಆಡಳಿತದ ಠಾಣೆಯಾಗಿತ್ತು. ಆ ಕಾಲದ ಗೋರಿಗಳ ಗುಮ್ಮಟಗಳು ಇಂದಿಗೂ ಊರಿನ ಗುರುತಾಗಿವೆ.

ವಿಜಾಪುರದ ಗೋಳಗುಮ್ಮಟವನ್ನು ಕಂಡವರಿಗೆ ಇವು ಚಿಕ್ಕವಾಗಿ ತೋರಬಹುದು. ಮುಹಮ್ಮದ್ ಆದಿಲಶಾಹನ ಆ ಗೋರಿಯ ಗುಮ್ಮಟದ ಒಳವ್ಯಾಸವೇ ಸುಮಾರು ೩೮ ಮೀಟರು. ಅದರೊಡನೆ ಹೋಲಿಕೆ ಸಲ್ಲದು. ಆದರೆ ಚಿಕ್ಕದರಲ್ಲಿ ಒಂದು ಅನುಕೂಲವುಂಟು. ಗೋಳಗುಮ್ಮಟದೊಳಗೆ ನಿಂತವನು ಅದರ ಗಾತ್ರಕ್ಕೇ ಬೆರಗಾಗಿ ಮಿಕ್ಕುದನ್ನು ಮರೆಯುತ್ತಾನೆ. ಹುಕ್ಕೇರಿಯಲ್ಲಿ ಕಣ್ಣಳತೆಗೆ ಸಿಕ್ಕುವಷ್ಟೇ ಎತ್ತರ. ನಾಲ್ಕು ಮೂಲೆಯ ಚೌಕದ ಗೋಡೆಗಳ ಮೇಲೆ ಮೂಲೆಯೇ ಇಲ್ಲದ ದುಂಡು ಗುಮ್ಮಟವನ್ನು ಕೂರಿಸುವುದು ಹೇಗೆ? ತಲೆ ಎತ್ತಿ ಮೂಲೆಗಳನ್ನು ದಿಟ್ಟಿಸಿ ನೋಡಿದರೆ ಇದಕ್ಕೆ ಕಟ್ಟಿದವರು ಕೊಟ್ಟ ಉತ್ತರ ಅಲ್ಲಿಯೇ ದೊರೆಯುತ್ತದೆ. ಶಾಲೆಯಲ್ಲಿ ರೇಖಾಗಣಿತ ಓದುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಹುಕ್ಕೇರಿಗೆ ಬಂದವರು ಪಶ್ಚಿಮಕ್ಕೆ ಸಂಕೇಶ್ವರದವರೆಗೂ ಹೋಗಿಬರಬಹುದು. ಹಿರಣ್ಯಕೇಶಿಯ ದಂಡೆಯ ಆ ಊರಿನಲ್ಲಿ ಶಂಕರಲಿಂಗನ ಹಳೆಯ ಗುಡಿಯೂ ಶಂಕರಾಚಾರ್ಯ ಪೀಠದ ಮಠವೂ ಇವೆ. ಸಮೀಪದಲ್ಲಿ ವಲ್ಲಭಗಡದ ಕೋಟೆ. ಕಾಲಿನಲ್ಲಿ ಕಸುವಿದ್ದವರು ಬೆಳಗಿನ ತಂಪಿನಲ್ಲಿ ಅದನ್ನು ಏರಿದರೆ ಸುತ್ತಣ ಕಬ್ಬಿನ ಗದ್ದೆಗಳ ಹಸುರು ಕಣ್ಣಿಗೆ ಹಬ್ಬ.

ನೀರಿನೊಳಗಿನ ವಿಠ್ಠಲ

ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಅಡ್ಡಲಾಗಿ ಅಣೆಕಟ್ಟು ಇದೆ. ವಂಟಮುರಿಯ ರಾಜಾ ಲಖಮಗೌಡರ ಹೆಸರನ್ನು ಇದಕ್ಕೆ ಇಡಲಾಗಿದೆ. ಸುಮಾರು ೫೧ ಟಿ.ಎಂ.ಸಿ. ನೀರು ಹಿಡಿಯುವ ಈ ಜಲಾಶಯದಿಂದ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹೊಲಗಳಿಗೆ ನೀರು ಹರಿಯುತ್ತದೆ. ಇಷ್ಟು ಹೊಲಗಳು ಹಸುರಾಗಬೇಕಾದರೆ ಕೆಲವು ಊರುಗಳು ನೀರಿನ ಪಾಲಾಗಲೇಬೇಕಾಯಿತು. ಹುನ್ನೂರಿನ ವಿಠ್ಠಲನ ಕಲ್ಲಿನ ಗುಡಿಯೂ ಹಾಗೆ ಮುಳುಗಿದ್ದೇ.

ಮುಳುಗಿದರೂ ಅದು ಅಳಿಯಲಿಲ್ಲ. ವರ್ಷದ ಬಹುಭಾಗ ನೀರಿನಡಿಯಲ್ಲಿದ್ದು, ಜಲಾಶಯ ತಗ್ಗಿದ ಬೇಸಿಗೆಯಲ್ಲಿ ಮೊದಲು ಶಿಖರ, ಆಮೇಲೆ ಗೋಡೆ, ಕೊನೆಗೆ ಬಾಗಿಲು ಎಂಬಂತೆ ಮೆಲ್ಲಮೆಲ್ಲನೆ ಹೊರಗೆ ಬರುತ್ತದೆ. ಗುಡಿ ಹೊರಗೆ ಕಂಡಿತೆಂಬ ಸುದ್ದಿ ಹರಡಿದೊಡನೆ ಸುತ್ತಲಿನ ಜನ ನೋಡಲು ಬರುತ್ತಾರೆ. ರೈತನ ಮಟ್ಟಿಗೆ ಈ ದರ್ಶನದಲ್ಲಿ ಸಂತೋಷವೂ ಸಂಕಟವೂ ಬೆರೆತಿವೆ. ವಿಠ್ಠಲ ಪೂರ್ತಿಯಾಗಿ ಕಾಣಿಸಿದನೆಂದರೆ ಜಲಾಶಯ ಬತ್ತಿತೆಂದೇ ಅರ್ಥ. ಮಳೆ ಬಂದು ದೇವರು ಮತ್ತೆ ಮರೆಯಾಗಲಿ ಎಂದೇ ಅವನ ಬೇಡಿಕೆ. ಇಂತಹ ವಿಚಿತ್ರ ಸಂಬಂಧ ಬೇರೆ ಗುಡಿಗಳಿಗೂ ಭಕ್ತರಿಗೂ ನಡುವೆ ಕಾಣಸಿಗುವುದು ಅಪರೂಪ.

ಅಣೆಕಟ್ಟಿನಿಂದ ಕೆಳಗೆ ನದಿಯ ದಂಡೆಯಲ್ಲಿ ಘೋಡಗೇರಿ ಎಂಬ ಹಳ್ಳಿ. ೧೯೩೭ರಲ್ಲಿ ಚಂದ್ರಶೇಖರ ಕಂಬಾರರು ಇಲ್ಲಿ ಹುಟ್ಟಿದರು. ಅವರ ನಾಟಕ, ಕಾದಂಬರಿಗಳ ‘ಶಿವಾಪುರ’ವನ್ನು ಯಾವ ನಕ್ಷೆಯಲ್ಲಿ ಹುಡುಕಿದರೂ ಸಿಕ್ಕದು, ಆದರೆ ಈ ಸೀಮೆಯ ಹಾಡು, ಆಟ, ಆಡುಮಾತುಗಳನ್ನು ಕಿವಿಗೊಟ್ಟು ಕೇಳಿದವರಿಗೆ ಅದರ ದಾರಿ ತಿಳಿಯುತ್ತದೆ. ೨೦೧೦ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಕಂಬಾರರಿಗೆ ಸಂದಿತು. ಕನ್ನಡ ಸಾಹಿತ್ಯಕ್ಕೆ ಈ ನೆಲದ ಕೊಡುಗೆ ಅದೊಂದೇ ಅಲ್ಲ. ‘ಆನಂದಕಂದ’ ಎಂದು ಹೆಸರಾದ ಬೆಟಗೇರಿ ಕೃಷ್ಣಶರ್ಮರು ೧೯೦೦ರಲ್ಲಿ ಹುಟ್ಟಿದ ಬೆಟಗೇರಿಯೂ, ಕಾದಂಬರಿಕಾರ ಬಸವರಾಜ ಕಟ್ಟೀಮನಿಯವರು ೧೯೧೯ರಲ್ಲಿ ಹುಟ್ಟಿದ ಮಲಾಮರಡಿಯೂ ಗೋಕಾಕ ಸೀಮೆಯವೇ.

ಕೊಣ್ಣೂರಿನ ಕಲ್ಲುಮನೆಗಳು

ಇನ್ನೂ ಕೆಳಕ್ಕೆ ಬಂದರೆ ಧೂಪದಾಳದ ಒಡ್ಡು. ೧೮೯೭ರಲ್ಲಿ ಕಟ್ಟಿದ ಈ ಒಡ್ಡಿನ ಹಿನ್ನೀರು ಇಂದು ಪಕ್ಷಿಧಾಮವಾಗಿದ್ದು, ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳಿಗೆ ನೆಲೆಯಾಗುತ್ತದೆ. ಬದಿಯ ಘಟಪ್ರಭಾ ಊರು ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿದ ಡಾ. ನಾ. ಸು. ಹರ್ಡೀಕರರ ಕರ್ಮಭೂಮಿ. ರೈಲಿನಲ್ಲಿ ಬರುವವರು ಬೆಳಗಾವಿ–ಮೀರಜ ಮಾರ್ಗದ ಘಟಪ್ರಭಾ ನಿಲ್ದಾಣದಲ್ಲಿಯೋ ಗೋಕಾಕ ರೋಡ್ ನಿಲ್ದಾಣದಲ್ಲಿಯೋ ಇಳಿದುಕೊಳ್ಳಬಹುದು.

ಜಲಪಾತದ ಕಡೆಗೆ ಧಾವಿಸುವ ಮೊದಲು ಕೊಣ್ಣೂರಿನಲ್ಲಿ ಒಂದು ಗಳಿಗೆ ನಿಲ್ಲುವುದು ಲೇಸು. ಈ ಊರಿನ ಹೊರಗೆ ಇತಿಹಾಸ ಕಾಲಕ್ಕೂ ಹಿಂದಿನ ಶಿಲಾಸಮಾಧಿಗಳಿವೆ. ದೊಡ್ಡ ದೊಡ್ಡ ಚಪ್ಪಡಿಗಳನ್ನು ಗೋಡೆಯಂತೆ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಪುಟ್ಟ ಮನೆಗಳಂತೆ ಇವು ಕಾಣುತ್ತವೆ. ಸುಣ್ಣವಿಲ್ಲ, ಗಾರೆಯಿಲ್ಲ; ಕಲ್ಲಿನ ಭಾರವೇ ಕಲ್ಲನ್ನು ಹಿಡಿದಿದೆ. ನಾಡಿನ ಹಲವೆಡೆ ಇಂತಹವನ್ನು ಜನರು ‘ಪಾಂಡವರ ಮನೆ’ ಎನ್ನುತ್ತಾರೆ. ವನವಾಸದ ಐವರು ಅಣ್ಣತಮ್ಮಂದಿರು ಒಂದು ರಾತ್ರಿ ತಂಗಿರಬಹುದೆಂಬ ಕಲ್ಪನೆ ಸೊಗಸಾದದ್ದೇ. ಆದರೆ ದಕ್ಷಿಣ ಭಾರತದ ಇಂತಹ ಸಮಾಧಿಗಳನ್ನು ಅಗೆದು ನೋಡಿದ ವಿದ್ವಾಂಸರಿಗೆ ದೊರೆತದ್ದು ಎಲುಬು, ಕಪ್ಪು–ಕೆಂಪು ಮಡಕೆ, ಕಬ್ಬಿಣದ ಆಯುಧಗಳು. ಕಬ್ಬಿಣವನ್ನು ಕರಗಿಸಲು ಕಲಿತ ಜನರು ತಮ್ಮವರ ನೆನಪಿಗಾಗಿ ಕಟ್ಟಿದ ಮನೆಗಳಿವು. ಅವರ ಹೆಸರು ಉಳಿಯಲಿಲ್ಲ, ಭಾಷೆ ತಿಳಿಯದು. ಸತ್ತವರನ್ನು ಅವರು ಮರೆಯಲೊಪ್ಪಲಿಲ್ಲವೆಂಬುದು ಮಾತ್ರ ಸ್ಪಷ್ಟ.

ಹೊಲದ ಬದುವಿಗೆ, ಮನೆಯ ಕಟ್ಟೆಗೆ ಕಲ್ಲು ಬೇಕಾದಾಗ ಇಂತಹ ಚಪ್ಪಡಿಗಳ ಮೇಲೆ ಕಣ್ಣು ಬೀಳುವುದು ಸಹಜ. ಅರಸನ ಹೆಸರಿಲ್ಲದ, ದೇವರ ಮೂರ್ತಿಯಿಲ್ಲದ ಕಲ್ಲಿಗೆ ಕಾವಲು ಯಾರು? ಅದರ ಬೆಲೆಯನ್ನು ಅರಿತ ನೆರೆಹೊರೆಯವರೇ ಕಾಯಬೇಕಲ್ಲದೆ ಬೇರೆ ಗತಿಯಿಲ್ಲ.

ಜಲಪಾತದ ಎದುರಿನಲ್ಲಿ

ಗೋಕಾಕ ಪಟ್ಟಣದಿಂದ ಆರು ಕಿಲೋಮೀಟರಿನಷ್ಟು ದೂರದಲ್ಲಿ ಘಟಪ್ರಭೆ ಮರಳುಗಲ್ಲಿನ ಕಡಿದಾದ ಬಂಡೆಯಿಂದ ಸುಮಾರು ೧೭೧ ಅಡಿ, ಎಂದರೆ ೫೨ ಮೀಟರು, ಕೆಳಕ್ಕೆ ಹಾರುತ್ತದೆ. ಬಂಡೆಯ ಅಂಚು ಕುದುರೆಯ ಲಾಳದಂತೆ ಬಾಗಿದೆ. ಜುಲೈನಿಂದ ಸೆಪ್ಟೆಂಬರಿನವರೆಗೆ ಕೆಂಪು ಮಣ್ಣು ಬೆರೆತ ನೀರು ಆ ಅಂಚನ್ನೆಲ್ಲ ತುಂಬಿ ಬೀಳುವಾಗ, ಎದುರಿಗೆ ನಿಂತವರ ಮಾತು ಒಬ್ಬರಿಗೊಬ್ಬರಿಗೆ ಕೇಳಿಸದು. ನೀರಿನ ತುಂತುರು ಮುಖಕ್ಕೆ ಸಿಡಿಯುತ್ತದೆ.

ಜಲಪಾತದ ಮೇಲುಗಡೆ ಒಂದು ದಂಡೆಯಿಂದ ಇನ್ನೊಂದು ದಂಡೆಗೆ ತೂಗುಸೇತುವೆ. ಉದ್ದ ಸುಮಾರು ೨೦೦ ಮೀಟರು. ಬಂಡೆಯಿಂದ ಎತ್ತರ ಸುಮಾರು ೧೪ ಮೀಟರು. ಹೆಜ್ಜೆಯಿಟ್ಟರೆ ತುಸುವೇ ತೂಗುವ ಇದರ ಮೇಲೆ ನಡೆದ ನೆನಪು ಹಲವರಿಗೆ ಬಾಲ್ಯದಿಂದಲೂ ಉಳಿದಿದೆ. ಮಹಾಪೂರದ ದಿನಗಳಲ್ಲಿ ಭದ್ರತೆಗಾಗಿ ಸೇತುವೆಯನ್ನು ಮುಚ್ಚುವುದುಂಟು. ಆಗ ಅಲ್ಲಿಯವರ ಮಾತನ್ನು ಮೀರಬಾರದು. ಹಾವಸೆ ಕಟ್ಟಿದ ಬಂಡೆಯ ಅಂಚಿಗೆ ಹೋಗಿ ಚಿತ್ರ ತೆಗೆಯುವ ಸಾಹಸವಂತೂ ಕೂಡದು.

ದಂಡೆಯ ಮೇಲಿರುವುದು ಮಹಾಲಿಂಗೇಶ್ವರನ ಗುಡಿ. ಚಾಲುಕ್ಯ ಶೈಲಿಯ ಈ ಕಟ್ಟಡವೂ, ಎರಡೂ ದಂಡೆಗಳಲ್ಲಿ ಅಲ್ಲಲ್ಲಿ ಉಳಿದ ಸಣ್ಣ ಗುಡಿಗಳೂ ಈ ಸ್ಥಳ ಎಷ್ಟು ಹಿಂದಿನ ತೀರ್ಥವೆಂಬುದನ್ನು ಹೇಳುತ್ತವೆ. ನೀರಿನ ಬೆರಗಿನಿಂದ ಕಣ್ಣನ್ನು ಈಚೆಗೆ ತಿರುಗಿಸಿ, ಗುಡಿಯ ಕಂಬಗಳನ್ನೂ ಬಾಗಿಲವಾಡವನ್ನೂ ಹತ್ತು ನಿಮಿಷ ನೋಡಿದವರಿಗೆ ಆ ಹತ್ತು ನಿಮಿಷ ವ್ಯರ್ಥವೆನಿಸದು.

ಈ ತೀರ್ಥದ ಪಕ್ಕದಲ್ಲಿಯೇ ಗಿರಣಿಯ ಚಿಮಣಿ! ನೀರು ಬೀಳುವ ಬಲವನ್ನು ಕೆಲಸಕ್ಕೆ ಹಚ್ಚುವ ಉದ್ದೇಶದಿಂದ ೧೮೮೫ರಲ್ಲಿ ಇಲ್ಲಿ ಒಂದು ಕಂಪನಿ ಸ್ಥಾಪನೆಯಾಯಿತು. ೧೮೮೭ರಲ್ಲಿ ಗಿರಣಿ ನಡೆಯತೊಡಗಿತು. ವಿದ್ಯುಚ್ಛಕ್ತಿ ಈ ಭಾಗದಲ್ಲಿ ಮೊದಲು ಬೆಳಗಿದ್ದು ಇಲ್ಲಿಯೇ ಎಂದು ಊರಿನವರು ಅಭಿಮಾನದಿಂದ ಹೇಳುತ್ತಾರೆ. ಗಿರಣಿಯ ಸುತ್ತ ಒಂದು ಊರೇ ಬೆಳೆಯಿತು. ದೇಗುಲ ಕಟ್ಟಿದವರು ನೀರಿನಲ್ಲಿ ದೈವವನ್ನು ಕಂಡರೆ, ಗಿರಣಿ ಕಟ್ಟಿದವರು ಅದರಲ್ಲಿಯೇ ದುಡಿಮೆಯನ್ನು ಕಂಡರು. ನಾಡಿನ ಇತಿಹಾಸದಲ್ಲಿ ಎರಡಕ್ಕೂ ಸ್ಥಾನವುಂಟು. ಹೊಗೆಗೊಳವೆಯೂ ಒಂದು ಸ್ಮಾರಕವೆಂಬುದನ್ನು ಪ್ರವಾಸಿಗರು ಮರೆಯಬಾರದು.

ಸಮಯವಿದ್ದವರು ಮಾರ್ಕಂಡೇಯ ನದಿಯ ಗೊಡಚಿನಮಲ್ಕಿ ಜಲಪಾತವನ್ನೂ, ಗುಡ್ಡದ ಕಣಿವೆಯಲ್ಲಿ ಮಲ್ಲಿಕಾರ್ಜುನನ ಗುಡಿಯಿರುವ ಯೋಗಿಕೊಳ್ಳವನ್ನೂ ನೋಡಿಕೊಂಡು ಪಟ್ಟಣಕ್ಕೆ ಬರಬಹುದು.

ಗೊಂಬೆಯೂ ಕರದಂಟೂ

ಗೋಕಾಕ ಪಟ್ಟಣದ ಪರಂಪರೆ ಕಲ್ಲಿನಲ್ಲಿ ಅಲ್ಲ, ಕೈಯಲ್ಲಿ ಇದೆ. ಹಗುರವಾದ ಮರವನ್ನು ಕೆತ್ತಿ, ಮೇಲೆ ಬಣ್ಣ ಹಚ್ಚಿ ಮಾಡಿದ ಇಲ್ಲಿಯ ಗೊಂಬೆಗಳು ಒಂದು ಕಾಲಕ್ಕೆ ದೂರದೂರದ ಮನೆಗಳ ಗೂಡು, ಕಪಾಟುಗಳನ್ನು ಅಲಂಕರಿಸಿದ್ದವು. ದೇವದೇವತೆಯರು, ಬಗೆಬಗೆಯ ಕಸುಬಿನ ಜನರು. ಎಲ್ಲಕ್ಕಿಂತ ಮಿಗಿಲಾಗಿ ಹಣ್ಣು, ತರಕಾರಿಗಳು. ಮರದ ಬದನೆಕಾಯಿಯನ್ನು ನಿಜವೆಂದು ಕೈಗೆತ್ತಿಕೊಂಡು ಪೆಚ್ಚಾದ ಅತಿಥಿಗಳ ಕಥೆ ಹಲವು ಮನೆಗಳಲ್ಲಿ ಕೇಳಬಹುದು. ಈಗ ಪೇಟೆಯಲ್ಲಿ ಪ್ಲಾಸ್ಟಿಕ್ಕಿನ ಆಟಿಕೆಗಳದೇ ದರ್ಬಾರು. ತಂದೆಯಿಂದ ಮಗನಿಗೆ ಬರಬೇಕಾದ ಕಸುಬು, ಕೊಳ್ಳುವವರಿಲ್ಲದಿದ್ದರೆ ಒಂದೇ ತಲೆಮಾರಿನಲ್ಲಿ ನಿಂತುಹೋಗುತ್ತದೆ. ಕಲ್ಲಿನ ಗುಡಿಯಾದರೆ ಪಾಳು ಬಿದ್ದ ನೂರು ವರ್ಷಗಳ ಮೇಲೆಯೂ ಅಗೆದು ತೆಗೆಯಬಹುದು. ಕೈ ಮರೆತ ಕೆಲಸವನ್ನು ಯಾರು ಅಗೆದು ತೆಗೆದಾರು?

ಕರದಂಟಿಗೆ ಅಂತಹ ಭಯವಿಲ್ಲ. ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿಗಳು ಸೇರಿದ ಈ ತಿನಿಸು ಬಾಣಂತಿಯರ ಪುಷ್ಟಿಯ ಆಹಾರವೆಂದು ಮನೆಮನೆಯಲ್ಲಿ ಹೆಸರಾದದ್ದು. ಈಗ ನಾಡಿನ ಎಲ್ಲ ಪೇಟೆಗಳಲ್ಲಿಯೂ ದೊರೆಯುತ್ತದೆ. ಕರದಂಟು ಕೊಳ್ಳುವ ಕೈ ಅದೇ ಪೇಟೆಯಲ್ಲಿ ಒಂದು ಮರದ ಗೊಂಬೆಯನ್ನೂ ಕೊಂಡರೆ ಎಷ್ಟು ಚೆನ್ನ!

ಘಟಪ್ರಭೆ ಈ ಪಟ್ಟಣಕ್ಕೆ ಬರಿಯ ಅನ್ನದಾತೆಯಲ್ಲ. ೨೦೧೯ರ ಆಗಸ್ಟ್ ತಿಂಗಳಲ್ಲಿ ಅವಳು ದಂಡೆ ಮೀರಿ ಊರೊಳಗೆ ನುಗ್ಗಿದಳು. ಲೋಳಸೂರದ ಸೇತುವೆ ಮುಳುಗಿತು, ತಗ್ಗಿನ ಕೇರಿಗಳ ಸಂಸಾರಗಳು ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟವು. ಮನೆಯೊಳಗಿನ ಹಳೆಯ ಚಿತ್ರಪಟ, ಕಾಗದಪತ್ರ, ಕೈಬರಹದ ಹೊತ್ತಗೆಗಳು ಇಂತಹ ನೆರೆಯಲ್ಲಿ ಹೋದರೆ ಹೋದವೇ. ಊರಿನ ನೆನಪು ಗುಡಿಗೋಪುರಗಳಲ್ಲಿ ಮಾತ್ರವಲ್ಲ, ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿಯೂ ಇರುತ್ತದೆಂಬುದು ಅದು ತೇಲಿಹೋದ ಮೇಲೆ ಅರಿವಿಗೆ ಬರುವುದು.

ಕಲ್ಲೋಳಿಯ ಶಾಸನ

ಗೋಕಾಕದ ಉತ್ತರಕ್ಕೆ ಕಲ್ಲೋಳಿ. ಸುತ್ತಲಿನ ಜನರಿಗೆ ಇದು ಹನುಮಪ್ಪನ ಊರು. ಇತಿಹಾಸ ಬಲ್ಲವರಿಗೆ ಇದು ಶಾಸನದ ಊರು. ಸವದತ್ತಿಯಿಂದ ಆಳಿ, ಆಮೇಲೆ ಬೆಳಗಾವಿಯನ್ನು ರಾಜಧಾನಿ ಮಾಡಿಕೊಂಡ ರಟ್ಟರ ಅರಸು ನಾಲ್ವಡಿ ಕಾರ್ತವೀರ್ಯನ ಕಾಲದಲ್ಲಿ, ಕ್ರಿ. ಶ. ೧೨೦೪ರ ಸುಮಾರಿಗೆ, ಇಲ್ಲಿ ಶಾಂತಿನಾಥ ಬಸದಿಗೆ ದತ್ತಿ ಬಿಟ್ಟ ಸಂಗತಿಯನ್ನು ಈ ಶಾಸನ ಸಾರುತ್ತದೆ. ಬೆಳಗಾವಿಯ ಕೋಟೆಯೊಳಗೆ ಇಂದು ಸಾವಿರಾರು ಜನ ನೋಡುವ ಕಮಲ ಬಸದಿಯೂ ಅದೇ ಅರಸನ ಕಾಲದ್ದು. ೧೨೦೪ರಲ್ಲಿ ಅವನ ಮಂತ್ರಿ ಬೀಚಿರಾಜ ಕಟ್ಟಿಸಿದ್ದು. ‘ಪಾರ್ಶ್ವನಾಥ ಪುರಾಣ’ವೆಂಬ ಚಂಪೂಕಾವ್ಯದ ಕರ್ತೃ ಪಾರ್ಶ್ವಪಂಡಿತ ಈ ಅರಸರ ಆಸ್ಥಾನದವನು. ಎಂಟು ನೂರು ವರ್ಷಗಳ ಹಿಂದೆ ಈ ಬಯಲು ಸೀಮೆ ಕಾವ್ಯ, ಶಿಲ್ಪ, ಧರ್ಮಗಳಿಗೆ ನೆಲೆಯಾಗಿತ್ತೆಂಬುದಕ್ಕೆ ಇಷ್ಟು ಸಾಕು.

ಈ ಭಾಗದ ರಟ್ಟರ ಶಾಸನಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಓದಿ ಪ್ರಕಟಿಸಿದವನು ಜೆ. ಎಫ್. ಫ್ಲೀಟ್ ಎಂಬ ಆಂಗ್ಲ ಅಧಿಕಾರಿ. ಸರಕಾರಿ ಕೆಲಸದ ನಡುವೆ ಹಳಗನ್ನಡ ಕಲಿತು ಊರೂರು ತಿರುಗಿದ ಅವನ ಶ್ರಮದಿಂದ ಎಷ್ಟೋ ಅರಸರ ಹೆಸರುಗಳು ಕತ್ತಲೆಯಿಂದ ಬೆಳಕಿಗೆ ಬಂದವು. ಅದೇ ಊರಿನಲ್ಲಿ ಹುಟ್ಟಿ, ಅದೇ ಕನ್ನಡವನ್ನಾಡುವವರು ಆ ಕಲ್ಲಿನ ಎದುರು ಒಂದು ಸಾರಿಯಾದರೂ ನಿಂತು ಎರಡು ಅಕ್ಷರ ಗುರುತಿಸಲು ಯತ್ನಿಸಿದರೆ ತಪ್ಪೇನು? ‘ಶ್ರೀ’ ಎಂಬ ಒಂದಕ್ಷರ ಸಿಕ್ಕಿದರೂ ಮಕ್ಕಳಿಗೆ ನಿಧಿ ಸಿಕ್ಕಿದಷ್ಟು ಹರ್ಷ.

ಪಾರಿಜಾತದ ಪರಿಮಳ

ಕಲ್ಲೋಳಿಯಿಂದ ಮುಂದೆ ಮೂಡಲಗಿ. ಹಿಂದೆ ಗೋಕಾಕ ತಾಲೂಕಿಗೆ ಸೇರಿದ್ದು, ಈಚಿನ ವರ್ಷಗಳಲ್ಲಿ ತಾನೇ ತಾಲೂಕು ಕೇಂದ್ರವಾದ ಊರು. ಶಿವಬೋಧರಂಗ ಸ್ವಾಮಿಗಳ ಮಠ ಇಲ್ಲಿಯ ಶ್ರದ್ಧಾಕೇಂದ್ರ. ಆದರೆ ಮೂಡಲಗಿ ಸೀಮೆಗೆ ಕನ್ನಡ ನಾಡು ಋಣಿಯಾಗಿರುವುದು ಇನ್ನೊಂದು ಕಾರಣಕ್ಕೆ. ಉತ್ತರ ಕರ್ನಾಟಕದ ಜನರನ್ನು ತಲೆಮಾರುಗಳ ಕಾಲ ರಾತ್ರಿಯೆಲ್ಲ ಎಚ್ಚರವಿರಿಸಿದ ‘ಶ್ರೀಕೃಷ್ಣ ಪಾರಿಜಾತ’ ಆಟದ ತೊಟ್ಟಿಲು ಈ ನೆಲವೇ.

ಅಪರಾಳ ತಮ್ಮಣ್ಣ ರಚಿಸಿದ ಪಾರಿಜಾತವನ್ನು ಬಯಲಿನ ರಂಗಕ್ಕೆ ಒಗ್ಗುವಂತೆ ಬೆಳೆಸಿದ ಕೀರ್ತಿ ಕುಲಗೋಡ ತಮ್ಮಣ್ಣನದು. ಕುಲಗೋಡ ಮೂಡಲಗಿ ಸೀಮೆಯ ಹಳ್ಳಿ. ಕಥೆಯೋ ಎಲ್ಲರೂ ಬಲ್ಲದ್ದು: ನಾರದ ತಂದ ದೇವಲೋಕದ ಹೂವು ರುಕ್ಮಿಣಿಯ ಮುಡಿ ಸೇರಿದ್ದು, ಸತ್ಯಭಾಮೆ ಮುನಿದದ್ದು, ಕೃಷ್ಣ ಅವಳನ್ನು ಒಲಿಸಲು ಪಟ್ಟ ಪಾಡು. ಸವತಿಯರ ಜಗಳದ ನೆಪದಲ್ಲಿ ಗಂಡಹೆಂಡಿರ ಮಾನಾಭಿಮಾನಗಳನ್ನು ನಗುನಗುತ್ತಲೇ ಬಿಚ್ಚಿಡುವ ಈ ಆಟದಲ್ಲಿ ಹಾಡಿಗೇ ಅಗ್ರಪೂಜೆ. ಸಮೀಪದ ಕೌಜಲಗಿಯ ನಿಂಗಮ್ಮನವರು ಪಾರಿಜಾತದಿಂದ ನಾಡಿನಲ್ಲೆಲ್ಲ ಮನೆಮಾತಾದ ಕಲಾವಿದೆ. ಹೆಣ್ಣುಮಕ್ಕಳು ರಂಗ ಏರುವುದೇ ಅಪರೂಪವಾಗಿದ್ದ ದಿನಗಳಲ್ಲಿ ಅವರು ಗಳಿಸಿದ ಗೌರವ ಸಣ್ಣದಲ್ಲ.

ಇಂದಿಗೂ ಜಾತ್ರೆಯ ರಾತ್ರಿಗಳಲ್ಲಿ ಹಾರ್ಮೋನಿಯಂ, ತಾಳಗಳ ಸದ್ದು ಕೇಳಿಸಿದರೆ ಹಳ್ಳಿಯ ಹಿರಿಯರು ಕಂಬಳಿ ಹೊದ್ದು ಬಂದು ಕುಳಿತುಕೊಳ್ಳುವುದುಂಟು. ಯಾವ ವಸ್ತುಸಂಗ್ರಹಾಲಯದಲ್ಲಿಯೂ ಇದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯುವಂತಿಲ್ಲ. ಹಾಡುವವನ ಎದುರು ಕೇಳುವವನು ಕುಳಿತಿರುವವರೆಗೆ ಮಾತ್ರ ಇದರ ಆಯುಸ್ಸು.

ಎರಡು ಸಾರಿ ಬರಬೇಕಾದ ಊರು

ಹುಕ್ಕೇರಿ, ಹಿಡಕಲ್ಲು, ಧೂಪದಾಳಗಳಿಗೆ ಒಂದು ದಿನ. ಕೊಣ್ಣೂರು, ಜಲಪಾತ, ಗೋಕಾಕ, ಕಲ್ಲೋಳಿ, ಮೂಡಲಗಿಗಳಿಗೆ ಇನ್ನೊಂದು ದಿನ. ಗೋಕಾಕದಲ್ಲಿ ವಸತಿಗೆ ಅನುಕೂಲವಿದೆ. ಬುತ್ತಿ ಕಟ್ಟಿಕೊಂಡು ಹೊರಟರೆ ಜೋಳದ ರೊಟ್ಟಿ, ಶೇಂಗಾ ಚಟ್ನಿಗಳಿಗೆ ನದಿಯ ದಂಡೆಯಲ್ಲಿ ಬೇರೆಯೇ ರುಚಿ. ಗುಡಿ, ಗೋರಿ, ಬಸದಿಗಳಲ್ಲಿ ಅಲ್ಲಲ್ಲಿಯ ಮರ್ಯಾದೆಯನ್ನು ಪಾಲಿಸಬೇಕು. ಗೋಡೆಯ ಮೇಲೆ ಹೆಸರು ಗೀಚುವ ಚಾಳಿಯನ್ನು ಮಕ್ಕಳಿಗೆ ಹಿರಿಯರೇ ಬಿಡಿಸಬೇಕು. ಕೆಲವೊಮ್ಮೆ ಹಿರಿಯರಿಗೆ ಮಕ್ಕಳೂ!

ಮಳೆಗಾಲದಲ್ಲಿ ಒಮ್ಮೆ ಬಂದವರು ಬೇಸಿಗೆಯಲ್ಲಿ ಮತ್ತೊಮ್ಮೆ ಬರಲಿ. ಜಲಪಾತ ಭೋರ್ಗರೆಯುವಾಗ ವಿಠ್ಠಲ ಕಾಣನು. ವಿಠ್ಠಲ ಕಂಡಾಗ ಜಲಪಾತವಿಲ್ಲ. ಘಟಪ್ರಭೆ ಮರೆಸಿದ್ದು ಮಳೆ ಕಡಿಮೆಯಾದಾಗ ತಾನಾಗಿಯೇ ಹೊರಗೆ ಬರುತ್ತದೆ. ಜನರು ಮರೆತದ್ದಕ್ಕೆ ಆ ಭಾಗ್ಯವಿಲ್ಲ. ಕೊಣ್ಣೂರಿನ ಚಪ್ಪಡಿ, ಗೋಕಾಕದ ಗೊಂಬೆ, ಕುಲಗೋಡದ ಹಾಡುಗಳನ್ನು ಯಾವ ಬೇಸಿಗೆಯೂ ಮೇಲಕ್ಕೆತ್ತಿ ಕೊಡದು. ನೋಡಲು ಬಂದವರು ಊರಿನವರನ್ನು ವಿಚಾರಿಸಲಿ, ‘ನಿಮ್ಮ ಊರಿನಲ್ಲಿ ಇದಿದೆಯಂತೆ, ತೋರಿಸುತ್ತೀರಾ?’ ಎಂದು ಕೇಳಲಿ. ದೂರದಿಂದ ಬಂದವರು ಹುಡುಕಿಕೊಂಡು ಬರುವ ವಸ್ತುವನ್ನು ಯಾವ ಊರಿನವರೂ ಬದುವಿನ ಕಲ್ಲಾಗಿಸಲು ಮನಸ್ಸು ಮಾಡಲಾರರು.